ಬಟ್ಟೆ ಟಾಪಿನ ಬಾಣಂತನ

ಮೊನ್ನೆ ನಮ್ಮ ಎದುರುಮನೆಯ ಗೃಹಪ್ರವೇಶದ ಮರುದಿನ ಬೆಳಿಗ್ಗೆ ಶಾಮಿಯಾನ ಬಿಚ್ಚುತ್ತಿದ್ದರು. ಹಿಂದಿನ ಸಂಜೆ ಚಳ್ಳಕೆರೆಯ ಮೇಲೆ ಮಳೆ ಮನಸ್ಸು ಮಾಡಿ ಒಂದು ಗಳಿಗೆ ಸುರಿದು ಹೋಗಿತ್ತು. ಕೆಲಸದವರು ನೆನೆದ ಬಟ್ಟೆಯನ್ನು ಹಾಗೇ ಸುತ್ತಿ ಸುತ್ತಿ ಟೆಂಪೋಗೆ ಎಸೆಯುತ್ತಿದ್ದರು. ಒದ್ದೆಯಾದ ದಪ್ಪ ಬಟ್ಟೆಯ ಆ ವಾಸನೆ ಬೀದಿ ದಾಟಿ ನಮ್ಮ ಕಟ್ಟೆಗೆ ಬಂತು. ನಿಮಗೂ ಗೊತ್ತಿರುತ್ತದೆ ಆ ವಾಸನೆ, ಮಳೆಗಾಲದಲ್ಲಿ ಮೂಲೆಗೆ ಬಿದ್ದ ಗೋಣಿಚೀಲದ್ದು. ಓದುತ್ತಿದ್ದ ಪೇಪರ್ ಕೆಳಗಿಟ್ಟು ಎದ್ದೇಬಿಟ್ಟೆ. "ಒಂದು ಬಿಸಿಲು ತೋರಿಸಿ ಮಡಚ್ರಪ್ಪಾ, ನಾಳೆ ಬೂಸ್ಟು ಹಿಡೀತದೆ" ಎಂದೆ. ಅವರು ನನ್ನನ್ನು ನೋಡಿ ನಕ್ಕು, ಇನ್ನೊಂದು ಮಡಿಕೆ ಎಸೆದರು. ಒಳಗಿನಿಂದ ನಮ್ಮ ಮನೆಯವರ ದನಿ ಬಂತು: "ಶಾಮಿಯಾನದೋರಿಗೂ ಪಾಠ ಶುರುವಾಯ್ತೇನು?"

ಶುರುವಾಗದೆ ಏನು ಮಾಡಲಿ? ಈ ಪಾಠವನ್ನು ನಾನು ಪುಕ್ಕಟೆ ಕಲಿತದ್ದಲ್ಲ. ಮರ್ಯಾದೆ ಕಳೆದುಕೊಂಡು ಕಲಿತದ್ದು.

ನಾನು ದಾವಣಗೆರೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಮನೆಯ ಮುಂದೆ ಒಂದು ಹಳೆಯ ಜೀಪು ನಿಂತಿತ್ತು. ಶೇಂಗಾ ವ್ಯಾಪಾರದ ನಮ್ಮ ಮಾವ ಅದನ್ನು ಯಾವುದೋ ಇಲಾಖೆಯ ಹರಾಜಿನಲ್ಲಿ ಹಿಡಿದು ತಂದಿದ್ದರು. ಅದಕ್ಕೆ ತಲೆಯಿತ್ತು, ಆದರೆ ಅದು ತಗಡಿನದಲ್ಲ, ಬಟ್ಟೆಯದು. ನಾಲ್ಕು ಕಮಾನು ಕಂಬಿಗಳ ಮೇಲೆ ಎಳೆದು ಕಟ್ಟಿದ ಕ್ಯಾನ್ವಾಸು. ಪಕ್ಕಕ್ಕೆ ಪರದೆ, ಹಿಂದಕ್ಕೆ ಪ್ಲಾಸ್ಟಿಕ್ಕಿನ ಕಿಟಕಿ. ಬೇಕೆಂದಾಗ ಟಾಪು ಬಿಚ್ಚಿ ಹಿಂದಕ್ಕೆ ಮಡಚಿಡಬಹುದಿತ್ತು. ಮದುವೆಯಾದ ಹೊಸದರಲ್ಲಿ ತವರಿನವರು ಬಂದರೆ, ಅವರ ಕಣ್ಣಿಗೆ ಬೀಳದ ಹಾಗೆ ಅದನ್ನು ಹಿತ್ತಲಿಗೆ ನಿಲ್ಲಿಸಬಾರದೇ ಎಂದು ನನಗೆ ಅನಿಸುತ್ತಿತ್ತು. ನಮ್ಮ ಅಪ್ಪನ ಹತ್ತಿರ ಬಾಗಿಲಿದ್ದ, ಗಾಜಿದ್ದ, ಗಟ್ಟಿ ತಲೆಯಿದ್ದ ಕಾರಿತ್ತಲ್ಲ. ಆ ಜಂಬವೂ ನನ್ನ ಸೀರೆ ಪೆಟ್ಟಿಗೆಯೊಳಗೇ ಬಂದಿತ್ತು.

ತಗಡಿನ ಟಾಪು ಹಾಕಿಸಬೇಕೆಂದು ಮಾವನೂ ಮೊದಲು ಹೊರಟಿದ್ದರಂತೆ. ಬೇಡವೆಂದವರು ಅತ್ತೆ, ನೀಲಮ್ಮನವರು. ಅತ್ತೆಯ ತವರು ದೇವಸಮುದ್ರ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದು ತಿರುವು ಬಂದ ಕೂಡಲೇ ಅವರು ಜೀಪು ನಿಲ್ಲಿಸಿ ಟಾಪು ಬಿಚ್ಚಿಸುತ್ತಿದ್ದರು. ಅಲ್ಲಿಂದ ಮುಂದೆ ಜಟಿಂಗ ರಾಮೇಶ್ವರನ ಗುಡ್ಡ ಇಡಿಯಾಗಿ ಕಾಣಬೇಕು, ತಲೆಗೆ ತವರಿನ ಗಾಳಿ ತಾಗಬೇಕು. ತಗಡಿನ ಮಾತೆತ್ತಿದಾಗ ಅತ್ತೆ, "ನಮ್ಮ ಬಿಸಿಲಿಗೆ ತಗಡು ಹಾಕಿದ್ರೆ ಒಲೆ ಮ್ಯಾಲೆ ಕುಂತಂಗಾಗ್ತೈತೆ. ನಾನಂತೂ ಹತ್ತಾಕಿಲ್ಲ" ಎಂದರಂತೆ. ಮಾವನೂ ಬಿಡುವವರಲ್ಲ. "ಹಂಗಾರೆ ಬಟ್ಟೆ ಟಾಪೇ ಇರ್ಲಿ. ಅದರ ಬಾಣಂತನ ಮಾತ್ರ ನೀನೇ ಮಾಡ್ಬೇಕು" ಎಂದರು.

ಮಾವ ಹೇಳಿದ್ದು ತಮಾಷೆಗೆ. ಅತ್ತೆ ಕೇಳಿಸಿಕೊಂಡದ್ದು ನಿಜವೆಂದೇ.

ಸಂತೆಪೇಟೆಯ ಹಿಂದೆ ಬಾಷಾ ಸಾಬ್ರು ಎಂಬವರು ಲಾರಿಗಳ ಟಾರ್ಪಾಲು ಹೊಲಿಯುತ್ತಿದ್ದರು. ಅತ್ತೆ ಹರಿದ ಟಾಪನ್ನು ಜೀಪಿನಲ್ಲಿ ಹೇರಿಸಿಕೊಂಡು ಅವರ ಅಂಗಡಿಗೆ ಹೋದರು. ಕೊಟ್ಟು ಬರಲಿಲ್ಲ, ಅಲ್ಲೇ ಕುಳಿತರು. ಮೂರು ದಿನ ಬೆಳಿಗ್ಗೆ ಹೋಗಿ ಸಂಜೆ ಬಂದರು. ಸಾಬ್ರು ಮೊದಲ ದಿನ ಸ್ಟೂಲು ಕೊಟ್ಟರು, ಎರಡನೆಯ ದಿನ ಚಹಾ ಕೊಟ್ಟರು, ಮೂರನೆಯ ದಿನ ದಬ್ಬಣ ಕೊಟ್ಟರು. "ಬಟ್ಟೆ ನಡುಮಧ್ಯೆ ಸೋರಲ್ಲ ಅಮ್ಮಾ. ಸೂಜಿ ಎಲ್ಲಿ ಹೋಗೈತೋ ಅಲ್ಲಿ ಸೋರ್ತದೆ. ಟಾಕಾ, ಅಂದ್ರೆ ಹೊಲಿಗೆ, ಕಾಯ್ಕೊಂಡ್ರೆ ಟಾಪು ಕಾಯ್ಕೊಂಡಂಗೆ" ಎಂದರಂತೆ. ಈ ಮಾತನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ಸಾಬ್ರನ್ನು ನಾನೇ ಕಂಡು ಕೇಳಿದಂತೆ ನೆನಪಿದೆ. ನಾನು ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಇನ್ನು ನನ್ನ ಮರ್ಯಾದೆ ಹೋದ ಕಥೆಗೆ ಬರುತ್ತೇನೆ. ಮದುವೆಯಾಗಿ ಮೂರು ತಿಂಗಳಾಗಿತ್ತು. ಅತ್ತೆ ತವರಿಗೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಟಾಪನ್ನು ಫಳಫಳ ಮಾಡಿ ಭೇಷ್ ಅನಿಸಿಕೊಳ್ಳಬೇಕೆಂದು ನನಗೆ ಹುಕಿ ಬಂತು. ಬಕೆಟ್ಟಿನ ತುಂಬ ಸೋಪಿನ ಪುಡಿ ಕದಡಿ, ಬಚ್ಚಲು ತಿಕ್ಕುವ ಬ್ರಷ್ ಹಿಡಿದು ಟಾಪನ್ನು ತಿಕ್ಕಿದೆ. ಒಣ ಬಟ್ಟೆಯಿಂದ ಪ್ಲಾಸ್ಟಿಕ್ಕಿನ ಕಿಟಕಿಯನ್ನೂ ಗಸಗಸ ಉಜ್ಜಿದೆ. ಅಷ್ಟರಲ್ಲಿ ಯಾರೋ ನೆಂಟರು ಬಂದರು. ಒದ್ದೆ ಟಾಪನ್ನು ಹಾಗೇ ಮಡಚಿ ಹಿಂದಕ್ಕೆ ತುರುಕಿ ಒಳಗೆ ಹೋದೆ. ಆಮೇಲೆ ಅದು ನೆನಪಾದದ್ದು ವಾಸನೆ ಬಂದಾಗ, ಐದು ದಿನದ ಮೇಲೆ. ಬಿಚ್ಚಿ ನೋಡಿದರೆ ಮಡಿಕೆಗಳಲ್ಲೆಲ್ಲ ಕಪ್ಪು ಚುಕ್ಕೆ, ಕಿಟಕಿಯ ತುಂಬ ಗೀರು, ಹೊರಗಿನದೇನೂ ಕಾಣದು.

ಅತ್ತೆ ಬಂದು ನೋಡಿದರು. ನನಗೆ ಬೈಗುಳ ಬೇಕಿತ್ತು, ಅದು ಸಿಗಲಿಲ್ಲ. ಆ ವಾರವೇ ನಮ್ಮ ಅಪ್ಪ, ಕಾರು ರಿಪೇರಿಯಲ್ಲಿದ್ದುದರಿಂದ ಬಸ್ಸಿನಲ್ಲೇ, ಮಗಳನ್ನು ನೋಡಲು ಬಂದರು. ಬಸ್‌ಸ್ಟ್ಯಾಂಡಿನಿಂದ ಅವರನ್ನು ಕರೆತರಲು ಮಾವ ಜೀಪು ಒಯ್ದರು. ದಾರಿಯಲ್ಲಿ ನಾಲ್ಕು ಹನಿ ಬಿತ್ತು. ಆ ನಾಲ್ಕೂ ಹನಿ, ನೀರು ತಡೆಯಲೆಂದು ಅತ್ತೆ ಹಚ್ಚಿದ್ದ ಮೇಣವನ್ನು ಮಗಳು ತಿಕ್ಕಿ ಕಿತ್ತ ಹೊಲಿಗೆಯ ಮೂಲಕ ಇಳಿದು, ಅಪ್ಪನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹೆಗಲ ಮೇಲೆ ಬಿದ್ದವು. ಅಪ್ಪ ಮನೆಗೆ ಬಂದು ಹೆಗಲು ಒರೆಸಿಕೊಳ್ಳುತ್ತಾ, "ಬೀಗರ ಜೀಪು ಸ್ವಲ್ಪ ಸೋರ್ತದೆ ಅಲ್ರಿ?" ಎಂದರು. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ, "ಹೌದ್ರಿ, ಹಳೇದು. ವಯಸ್ಸಾಗೈತೆ" ಎಂದರು. ನನ್ನ ತಪ್ಪನ್ನು ಜೀಪಿನ ವಯಸ್ಸಿಗೆ ಹಾಕಿ ನನ್ನನ್ನು ಉಳಿಸಿದ ಆ ಮಾತಿಗೆ ನಾನು ಅವತ್ತೇ ಶರಣಾದೆ. ಅಪ್ಪ ಹೋದ ಮೇಲೆ ಅಡುಗೆಮನೆಗೆ ಹೋಗಿ, "ಅತ್ತೆ, ನನಗೆ ಕಲಿಸ್ರಿ" ಎಂದೆ.

"ಕಲಿಯೋದೇನೈತೆ? ಮೊದಲು ಅದು ಬಟ್ಟೆ ಅಂತ ಅನ್ಕೋ. ನಿನ್ನ ರೇಷ್ಮೆ ಸೀರೇನ ಬಚ್ಚಲ ಬ್ರಷ್‌ನಾಗೆ ತಿಕ್ತೀಯಾ?"

ಅಂದಿನಿಂದ ನನ್ನ ಶಾಲೆ ಶುರುವಾಯಿತು. ಚಳ್ಳಕೆರೆಯ ಧೂಳು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಹೆಸರು ಬರೆಯಬಹುದು. ಆ ಧೂಳು ನೇಯ್ಗೆಯ ಸಂದಿಗೆ ಇಳಿದು ಒಳಗಿನಿಂದ ದಾರವನ್ನು ಕೊಯ್ಯುತ್ತದೆ ಎಂಬುದು ಅತ್ತೆಯ ಮಾತು. ಅದಕ್ಕೇ ನೀರು ಮುಟ್ಟಿಸುವ ಮೊದಲು ಮೆತ್ತನೆ ಪೊರಕೆಯಿಂದ, ನೇಯ್ಗೆ ಹೋದ ದಿಕ್ಕಿಗೇ ಗುಡಿಸಬೇಕು. ತೊಳೆಯುವುದು ಅಂಟವಾಳದ ನೊರೆಯಲ್ಲಿ, ಅಂಗೈಯಿಂದ. ಕಾಗೆ ಪಾರಿವಾಳ ಹಿಕ್ಕೆ ಹಾಕಿದ್ದು ಕಂಡರೆ ಊಟದ ಎಲೆ ಬಿಟ್ಟಾದರೂ ಎದ್ದು ಹೋಗಬೇಕು. ಅದನ್ನು ಕೆರೆಯಬಾರದು, ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕು; ಬಿಸಿಲಿಗೆ ಒಣಗಿತೋ ಬಟ್ಟೆಯನ್ನು ಸುಟ್ಟುಬಿಡುತ್ತದೆ. ಹೀಗಾಗಿ ನಮ್ಮ ಹುಣಸೆಮರದಡಿ ನೆರಳು ಎಷ್ಟೇ ತಂಪಾಗಿದ್ದರೂ ಜೀಪು ಅಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿಗೆ ನನ್ನದೇ ಹಳೆಯ ವಾಯಿಲ್ ಸೀರೆಯ ತುಂಡು, ಅದೂ ಒದ್ದೆ ಮಾಡಿದ್ದು. ಮಡಚುವಾಗ ಕಿಟಕಿಯ ಮಡಿಕೆಗೂ ಒಂದು ಬಟ್ಟೆ ಹಾಸಬೇಕು, ಮಗುವಿನ ತೊಡೆಸಂದಿಗೆ ಹಾಸಿದ ಹಾಗೆ. ಬಾಣಂತನ ಎಂದು ಮಾವ ಹೇಳಿದ್ದು ಸುಳ್ಳಲ್ಲ.

ಇದೆಲ್ಲದರ ತುದಿಗೆ ಜೇನುಮೇಣ. ಅತ್ತೆಯ ತವರಿನ ಕಡೆ ಗುಡ್ಡದಲ್ಲಿ ಜೇನು ಬಿಡಿಸುವವರು ಅದನ್ನು ಉಂಡೆ ಕಟ್ಟಿ ತಂದುಕೊಡುತ್ತಿದ್ದರು. ಮಳೆಗಾಲಕ್ಕೆ ಮೊದಲು ಒಂದು ದಿನ, ಹೊಲಿಗೆಗಳ ಮೇಲೆಲ್ಲ ಆ ಉಂಡೆ ತಿಕ್ಕಿ, ಮೇಲೊಂದು ತೆಳು ಬಟ್ಟೆ ಹಾಸಿ, ಕುದಿನೀರು ತುಂಬಿದ ಚೊಂಬನ್ನು ನಿಧಾನಕ್ಕೆ ಆಡಿಸುತ್ತಿದ್ದರು. ಮೇಣ ಕರಗಿ ಸೂಜಿಯ ತೂತುಗಳೊಳಗೆ ಇಳಿಯುತ್ತಿತ್ತು. ಅವತ್ತು ನಮ್ಮ ಅಂಗಳಕ್ಕೆ ಬಂದವರೆಲ್ಲ ಒಂದು ಕ್ಷಣ ನಿಂತು ಮೂಗರಳಿಸುತ್ತಿದ್ದರು.

ಅತ್ತೆ ನನಗೆ ಕಲಿಸಿದ ಇನ್ನೊಂದು ವಿದ್ಯೆಯೆಂದರೆ ಜೀಪು ಓಡಿಸುವುದು. ಅವರಿಗೆ ಓಡಿಸಲು ಬರುತ್ತಿರಲಿಲ್ಲ, ಆದರೆ ಕಲಿಸಲು ಬರುತ್ತಿತ್ತು. ಮಾವನಿಗೆ ಕಣ್ಣಿಗೆ ಪೊರೆ ಬಂದಿತ್ತು, ಮನೆಯವರು ಅಂಗಡಿ ಬಿಟ್ಟು ಏಳುತ್ತಿರಲಿಲ್ಲ. "ನೀನು ಕಲಿಯಮ್ಮ, ನಾ ಪಕ್ಕದಾಗೆ ಕುಂತ್ಕೊಂತೀನಿ" ಎಂದರು. ಒಣಗಿದ ಕೆರೆಯಂಗಳದಲ್ಲಿ ಹಿಂದಿನ ಸೀಟಿನಿಂದ ಮಾವ ಗೇರು ಹೇಳುವುದು, ಪಕ್ಕದ ಸೀಟಿನಿಂದ ಅತ್ತೆ ಧೈರ್ಯ ಹೇಳುವುದು. ಮೊದಲ ವಾರ ಎರಡು ಜಾಲಿಗಿಡಗಳ ಪ್ರಾಣ ತೆಗೆದೆ. ಜಾಲಿಯ ಮುಳ್ಳು ಟಾಪಿಗೆ ತಾಗಿತೇ ಎಂದು ಅತ್ತೆ ಇಳಿದು ನೋಡಿದರೇ ಹೊರತು, ನನಗೆ ಏನಾಯಿತೆಂದು ಕೇಳಲಿಲ್ಲ.

ಹೀಗೆ ಎರಡು ವರ್ಷ ಕಳೆದಿರಬೇಕು. ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಅಂಗಡಿಗೆ ಮೊಳಕಾಲ್ಮೂರಿನಿಂದ ಫೋನು ಬಂತು. ಮಾಡಿದವರು ಲಕ್ಷ್ಮಕ್ಕ, ರೇಷ್ಮೆ ಸೀರೆ ನೇಯುವವರು. ಅತ್ತೆಗೂ ಅವರಿಗೂ ಹಳೆಯ ಸ್ನೇಹ. ಲಕ್ಷ್ಮಕ್ಕನ ಗಂಡನಿಗೆ ಪಾರ್ಶ್ವ ಬಡಿದು ಕೈ ಬಿದ್ದುಹೋದ ಮೇಲೆ ಮಗ್ಗಕ್ಕೆ ಕೂತವರು ಲಕ್ಷ್ಮಕ್ಕನೇ. ಆದರೂ ಅವರು ನೇಯ್ದ ಸೀರೆಗಳು ಹೊರಗೆ ಹೋಗುತ್ತಿದ್ದುದು ಗಂಡನ ಹೆಸರಲ್ಲಿ. ಆ ಸಲ ಮೊದಲ ಬಾರಿಗೆ, ಬೆಂಗಳೂರಿನ ಒಂದು ಪ್ರದರ್ಶನಕ್ಕೆ ಅವರದೇ ಹೆಸರಲ್ಲಿ ಎರಡು ಸೀರೆ ಆಯ್ಕೆಯಾಗಿದ್ದವು. ಜೊತೆಗೆ ಅವರೂ ಹೋಗಬೇಕಿತ್ತು. ಕರೆದೊಯ್ಯುವ ವ್ಯಾನು ಸಂಜೆ ನಾಲ್ಕಕ್ಕೆ ಚಳ್ಳಕೆರೆ ಬಿಡುವುದಿತ್ತು. ಅವತ್ತು ನೋಡಿದರೆ ಬಸ್ಸುಗಳ ಬಂದ್.

ಅತ್ತೆ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಸೀರೆ ಕಟ್ಟಿಟ್ಕಂಡು ಕುಂತಿರು ಲಕ್ಷ್ಮಿ, ಬರ್ತೀವಿ" ಎಂದರು. ಫೋನಿಟ್ಟು ನನ್ನ ಮುಖ ನೋಡಿದರು. ನಾನು ಅಷ್ಟು ದೂರ ಹಿಂದೆಂದೂ ಓಡಿಸಿರಲಿಲ್ಲ. ಮಾವ, "ಸೊಸೆಯೊಬ್ಬಳನ್ನೇ ನಂಬ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಅತ್ತೆ, "ಒಬ್ಬಳೆಲ್ಲಿ? ನಾನಿಲ್ವಾ?" ಎಂದು ಕೈಚೀಲ ಎತ್ತಿಕೊಂಡರು.

ಹೋಗುವಾಗ ಬಿಸಿಲು ರಣಗುಡುತ್ತಿತ್ತು. ಲಕ್ಷ್ಮಕ್ಕ ಎರಡೂ ಸೀರೆಗಳನ್ನು ಬಿಳಿಯ ಮಲ್ಲಿನ ಬಟ್ಟೆಯಲ್ಲಿ ಸುತ್ತಿ ಕಾದಿದ್ದರು. ಪ್ಲಾಸ್ಟಿಕ್ಕಿನಲ್ಲೂ ಸುತ್ತೋಣವೇ ಎಂದು ನಾನು ಕೇಳಿದೆ. "ವದ್ದಮ್ಮಾ, ಬ್ಯಾಡ, ಸೆಕೆಗೆ ಬೆವತು ಜರಿ ಕಪ್ಪಾಗ್ತದೆ" ಎಂದರು. ಅವರ ಮಾತಿನಲ್ಲಿ ತೆಲುಗೂ ಕನ್ನಡವೂ ಹಾಸು ಹೊಕ್ಕಾಗಿಯೇ ಬರುತ್ತಿದ್ದವು. ಹಿಂದಿನ ಸೀಟಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ಗಂಡ ಬಾಗಿಲಿಗೆ ಬಂದು, ಬಲವಿದ್ದ ಎಡಗೈಯಿಂದ ಆ ಗಂಟನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಅಲ್ಲೇ ಹತ್ತಿರದ ಹಾನಗಲ್ ದಾಟಿ ತಳಕಿನ ದಾರಿ ಹಿಡಿದೆವು. ಪಡುವಣ ಕಪ್ಪಾಯಿತು. ಮೊದಲು ಬಂದದ್ದು ಧೂಳು, ಅದರ ಬೆನ್ನಿಗೆ ಗಾಳಿ, ಆಮೇಲೆ ಆಲಿಕಲ್ಲು. ಟಾಪಿನ ಮೇಲೆ ಶೇಂಗಾ ಮೂಟೆ ಬಿಚ್ಚಿ ಸುರಿದಂತೆ ಸದ್ದು. ಆದರೆ ಬಿಗಿಯಾಗಿ ಎಳೆದು ಕಟ್ಟಿದ ಬಟ್ಟೆ ಕಲ್ಲುಗಳನ್ನು ಪುಟಿಸಿ ಪುಟಿಸಿ ಆಚೆಗೆಸೆಯುತ್ತಿತ್ತು. ಒಳಗೆ ಒಂದು ಹನಿಯಿಲ್ಲ. ನಾನು ಹಲ್ಲು ಕಚ್ಚಿ ಸ್ಟೇರಿಂಗ್ ಹಿಡಿದಿದ್ದೆ. ಆಗಲೇ ಎಡಗಡೆ, ಅತ್ತೆಯ ತಲೆಯ ಮೇಲೆ, ಮುಂಗಾಜಿನ ಮೂಲೆಗೆ ಟಾಪನ್ನು ಬಿಗಿದಿದ್ದ ಪಟ್ಟಿ ಫಟ್ಟೆಂದು ಹರಿಯಿತು. ಅಂಚು ಮೇಲೆದ್ದು ಬಡಿದುಕೊಳ್ಳತೊಡಗಿತು. ನೀರು ಒಳಗೆ ನುಗ್ಗಿತು. ಹಿಂದಿನಿಂದ ಲಕ್ಷ್ಮಕ್ಕ "ಅಯ್ಯೋ ಸ್ವಾಮಿ" ಎಂದು ಗಂಟಿನ ಮೇಲೆ ಬಾಗಿ ತಮ್ಮ ಮೈಯನ್ನೇ ಮುಚ್ಚಿದರು.

ನನಗೆ ತೋಚಿದ್ದು ಜೋರಾಗಿ ಓಡಿಸಿ ತಳಕು ಸೇರಿಬಿಡೋಣ ಎಂದು.

"ಓಡಿಸಬ್ಯಾಡ" ಎಂದರು ಅತ್ತೆ. ದನಿ ಏರಲಿಲ್ಲ. "ಎದುರುಗಾಳಿ ಒಳಗೆ ಹೊಕ್ಕರೆ ಟಾಪು ಪೂರಾ ಕಿತ್ಕೊಂಡು ಹೋಗ್ತೈತೆ. ಜೀಪು ತಿರುಗಿಸು. ಗಾಳಿಗೆ ಬೆನ್ನು ಮಾಡಿ ನಿಲ್ಲಿಸು."

ಬಂದ ದಾರಿಗೇ ಮುಖ ಮಾಡಿ ಜೀಪು ನಿಲ್ಲಿಸಿದೆ. ಬಡಿತ ಅರ್ಧಕ್ಕರ್ಧ ತಗ್ಗಿತು. ಅತ್ತೆ ಆಗಲೇ ಕೈಚೀಲದಿಂದ ದಬ್ಬಣ ತೆಗೆದು, ಮೇಣದ ದಾರ ಪೋಣಿಸಿ, ಪರದೆ ಸರಿಸಿ ಕೆಳಗಿಳಿದಿದ್ದರು. ನಾನೂ ಇಳಿದು ಓಡಿದೆ. "ಅಂಚು ಹಿಡ್ಕೋ. ಎಳೀಬ್ಯಾಡ, ಹಿಡ್ಕೋ ಅಷ್ಟೇ" ಎಂದರು. ಎರಡೂ ಕೈಯಲ್ಲಿ ಬಟ್ಟೆಯ ಅಂಚನ್ನು ಕಂಬಿಗೆ ಒತ್ತಿ ಹಿಡಿದೆ. ಆಲಿಕಲ್ಲು ಬೆರಳ ಗೆಣ್ಣುಗಳಿಗೆ ಹೊಡೆಯುತ್ತಿತ್ತು. ಅತ್ತೆ ಕಂಬಿಯನ್ನು ಸುತ್ತಿ ಸುತ್ತಿ, ಮನೆಯಲ್ಲಿ ಕೌದಿ ಹೊಲಿಯುವಾಗಿನ ನಿಧಾನದಲ್ಲೇ ಹೊಲಿದರು. ಸೆರಗು ಜಾರಿ ನೆನೆದು ಮೈಗಂಟಿತ್ತು, ಹಣೆಯ ವಿಭೂತಿ ಕರಗಿ ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಕೊನೆಗೆ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಅಂಚನ್ನೊಮ್ಮೆ ಬೆರಳಲ್ಲಿ ಮೀಟಿ ನೋಡಿದರು. "ನಡಿ ಈಗ" ಎಂದರು.

ಚಳ್ಳಕೆರೆ ಸೇರಿದಾಗ ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಂಗಡಿಯ ಮೇಜಿನ ಮೇಲೆ ಗಂಟು ಬಿಚ್ಚಿದೆವು. ಮನೆಯವರು ಮೇಜನ್ನು ಮೂರು ಸಲ ಒರೆಸಿದರು. ಲಕ್ಷ್ಮಕ್ಕ ಮೊದಲು ಮಲ್ಲಿನ ಬಟ್ಟೆ ಮುಟ್ಟಿ ನೋಡಿದರು, ಆಮೇಲೆ ಮಡಿಕೆ ಮಡಿಕೆಯಾಗಿ ಸೀರೆ. ಗಿಳಿಹಸಿರು ಒಡಲು, ಕುಂಕುಮದ ಬಣ್ಣದ ಅಂಚು. ಕೊನೆಯ ಮಡಿಕೆ ನೋಡಿದ ಮೇಲೆ ಮುಖವೆತ್ತಿ, "ಒಕ್ಕ ಚುಕ್ಕ ಕೂಡಾ ಪಡಲೇದು ನೀಲಕ್ಕಾ" ಎಂದರು. ಒಂದು ಹನಿಯೂ ಬಿದ್ದಿರಲಿಲ್ಲ. ಅತ್ತೆ ಮತ್ತು ನಾನು ಮಾತ್ರ ಅಂಗಡಿಯ ನೆಲದ ಮೇಲೆ ಎರಡು ಕೆರೆ ಮಾಡಿಕೊಂಡು ನಿಂತಿದ್ದೆವು.

ಎಂಟು ದಿನದ ಮೇಲೆ ಲಕ್ಷ್ಮಕ್ಕ ಬೆಂಗಳೂರಿನಿಂದ ಬಂದವರು ಊರಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದರು. ಸೀರೆಯ ಪಕ್ಕದಲ್ಲಿ ಇಟ್ಟಿದ್ದ ಒಂದು ಚಿಕ್ಕ ರಟ್ಟನ್ನು ಕೇಳಿ ಇಸಿದುಕೊಂಡು ಬಂದಿದ್ದರು. ಅತ್ತೆಗೆ ಓದು ಬಾರದು. ನಾನು ಓದಿದೆ: "ನೇಯ್ದವರು: ಲಕ್ಷ್ಮಿದೇವಮ್ಮ, ಮೊಳಕಾಲ್ಮೂರು." ಅತ್ತೆ, "ಇನ್ನೊಂದ್ಸಲ ಓದು" ಎಂದರು. ಇನ್ನೊಮ್ಮೆ ಓದಿದೆ. ಅಲ್ಲಿ ಸೀರೆ ಮೆಚ್ಚಿದವರು ಇನ್ನಷ್ಟು ಕೇಳಿದ್ದರು. ಮುಂದಿನ ವರ್ಷವೇ ಅವರ ಮನೆಯಲ್ಲಿ ಎರಡನೆಯ ಮಗ್ಗ ಕೂತಿತು. ಇವತ್ತಿಗೂ ಅವರ ಸೀರೆಗಳು ಅವರ ಹೆಸರಲ್ಲೇ ಹೋಗುತ್ತವೆ.

ಆಮೇಲೆ ನಮ್ಮ ಅಂಗಳಕ್ಕೆ ಜೀಪಿನವರು, ಟ್ರ್ಯಾಕ್ಸಿನವರು, ಗೂಡ್ಸ್ ಆಟೋದವರು ಬರತೊಡಗಿದರು. ಅತ್ತೆ ಯಾರ ಟಾಪನ್ನೂ ಹೊಲಿದು ಕೊಡುತ್ತಿರಲಿಲ್ಲ, ಪಕ್ಕದಲ್ಲಿ ಕೂರಿಸಿ ಅವರಿಂದಲೇ ಹೊಲಿಸುತ್ತಿದ್ದರು. ಮೀಸೆ ಹೊತ್ತ ಗಂಡಸರು ದಬ್ಬಣ ಹಿಡಿದು ಬೆರಳು ಚುಚ್ಚಿಕೊಂಡು ಹೋಗುತ್ತಿದ್ದರು. ಮಾವನಂತೂ ಪೂರಾ ಬದಲಾದರು. ಶೇಂಗಾ ಮಂಡಿಯಲ್ಲಿ ಒಮ್ಮೆ ಅವರ ಗೆಳೆಯರೊಬ್ಬರು, "ಇನ್ನೂ ಆ ಬಟ್ಟೇನೇ ಹೊದಿಸ್ಕೊಂಡು ಓಡಾಡ್ತೀಯಲ್ಲೋ, ತಗಡು ಹಾಕ್ಸಬಾರದೇನೋ" ಎಂದು ಛೇಡಿಸಿದರಂತೆ. ಮಾವ ಹೇಳಿದರಂತೆ, "ತಗಡು ಯಾವನ್ ಬೇಕಾದ್ರೂ ಹಾಕಿಸ್ತಾನೆ ಕಣಲೇ. ಬಟ್ಟೆ ಕಾಯಾಕೆ ಮನ್ಯಾಗೆ ಮನುಷ್ಯರು ಇರ್ಬೇಕು." ಮಾವ ಈಗಿಲ್ಲ. ಬದುಕಿನಲ್ಲಿ ಅತ್ತೆಯನ್ನು ಎದುರಿಗೆ ಹೊಗಳಿದವರಲ್ಲ. ಈ ಮಾತನ್ನು ಅತ್ತೆಗೆ ಮುಟ್ಟಿಸಿದವಳು ನಾನು. ಅವರು ಕೇಳಿಸಿಕೊಂಡು ಒಲೆಯ ಕಡೆ ತಿರುಗಿದರು. ಅವತ್ತು ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು.

ಜೀಪು ಈಗಲೂ ಇದೆ. ಈ ಬೇಸಿಗೆಯಲ್ಲಿ ಅದರ ಹಳೆಯ ಟಾಪು ಇನ್ನು ತೇಪೆ ತಾಳುವುದಿಲ್ಲ ಎನಿಸಿತು. ರೆಡಿಮೇಡ್ ಟಾಪನ್ನು ಮೊಬೈಲಿನಲ್ಲೇ ತರಿಸಬಹುದೆಂದು ಮನೆಯವರು ಹೇಳಿದರು. ನಾನು ಹಳೆಯದನ್ನು ಬಿಚ್ಚಿ, ನೆಲಕ್ಕೆ ಹಾಸಿ, ಹೊಸ ಕ್ಯಾನ್ವಾಸು ತಂದು, ಅಳತೆ ಹಾಕಿ ಕತ್ತರಿಸಿದೆ. ಒಂದೂವರೆ ತಿಂಗಳು ಹೊಲಿದೆ. ಅಂಚುಗಳಿಗೆ ಎರಡೆರಡು ಹೊಲಿಗೆ ಹಾಕಿದೆ, ಮೇಣ ಇಳಿಸಿದೆ. ಅತ್ತೆಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜು, ಕಿವಿಯೂ ಅಷ್ಟಕ್ಕಷ್ಟೇ. ನಾನು ಹೊಲಿಯುವಷ್ಟು ದಿನವೂ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಸರಿಯೋ ತಪ್ಪೋ ಹೇಳಿಬಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು.

ಕಳೆದ ಭಾನುವಾರ ಟಾಪನ್ನು ಜೀಪಿಗೆ ಏರಿಸಿದೆವು. ಅತ್ತೆ ಸುತ್ತಲೂ ಒಂದು ಪ್ರದಕ್ಷಿಣೆ ಬಂದು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ತೋಳು ಹಿಡಿದು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತರು. ಉಟ್ಟದ್ದು ಹಬ್ಬಕ್ಕೆಂದು ಎತ್ತಿಟ್ಟಿದ್ದ ರೇಷ್ಮೆ ಸೀರೆ. ಬೇಡವೆಂದರೂ ಕೇಳಿರಲಿಲ್ಲ.

"ಪರದೆ ಹಾಕು. ನೀರು ಹೊಯ್ಯಿ" ಎಂದರು.

ಮನೆಯವರು ಏಣಿ ಹಿಡಿದರು. ನಾನು ಮೇಲೆ ನಿಂತು ಒಂದು ಕೊಡ ಸುರಿದೆ. ಹೊಲಿಗೆಗಳ ಮೇಲೆ ಹರಿಯುವಂತೆ ಎರಡನೆಯದು, ಹಿಂದಿನ ಕಿಟಕಿಯ ಸುತ್ತ ಮೂರನೆಯದು. ಒಳಗಿನಿಂದ ಮಾತಿಲ್ಲ. ನಾಲ್ಕನೆಯ ಕೊಡವನ್ನೂ ಸುರಿದೆ. ಎಲ್ಲೋ ಸೋರಿದೆ, ಸೊಸೆಯ ಮನಸ್ಸು ನೋಯಬಾರದೆಂದು ನೆನೆದುಕೊಂಡೇ ಸುಮ್ಮನೆ ಕುಳಿತಿದ್ದಾರೆ ಎನಿಸಿತು. ಅವರು ಹಾಗೆ ಮಾಡುವವರೇ. ಏಣಿಯಿಳಿದು, ಹೆದರುತ್ತಲೇ ಪರದೆ ಸರಿಸಿದೆ.

ಅತ್ತೆ ಸೀಟಿಗೊರಗಿ ನಿದ್ದೆ ಹೋಗಿದ್ದರು. ಸೀರೆ ಉಟ್ಟಾಗಿನ ಹಾಗೇ ಗರಿಗರಿ. ತೊಡೆಯ ಮೇಲಿದ್ದ ಕೈ ಮುಟ್ಟಿದೆ, ಬೆಚ್ಚಗೆ, ಒಣಗಿತ್ತು. ಅವರು ಕಣ್ಣು ಬಿಟ್ಟು ನನ್ನ ಒದ್ದೆ ಸೆರಗನ್ನು ನೋಡಿದರು.

"ಯಾಕಮ್ಮ, ಇನ್ನೂ ಹೊಯ್ಯಾಕೆ ಶುರು ಮಾಡಿಲ್ವಾ?" ಎಂದರು.

"ಇಲ್ಲ ಅತ್ತೆ, ಈಗ ಮಾಡ್ತೀನಿ" ಎಂದು ಹೇಳಿ, ಐದನೆಯ ಕೊಡ ತುಂಬಿಕೊಳ್ಳಲು ನಲ್ಲಿಯ ಕಡೆ ಹೋದೆ.